ಕನಸಿನೊಳಗಿನ ನ್ಯಾಯಸಭೆ: ಸ್ವೀಡನ್ನಿನ ಆರು ಶತಮಾನಗಳು

ತಾನು ಆಪಾದಿತನಾಗಿ ನ್ಯಾಯಾಧೀಶರ ಮುಂದೆ ನಿಂತಿರುವಂತೆ, ಆಪಾದನೆ ಏನೆಂದು ತಿಳಿಯದಂತೆ, ತಿಳಿದರೂ ಉತ್ತರಕ್ಕೆ ನಾಲಿಗೆ ಹೊರಳದಂತೆ ಕಾಣುವ ಕನಸು ಹಲವು ಸಮಾಜಗಳಲ್ಲಿ ಪರಿಚಿತವಾದುದು. ಅದಕ್ಕೆ ಅರ್ಥ ಹೇಳುವ ಸ್ವಪ್ನಶಾಸ್ತ್ರಗಳೂ ಎಲ್ಲ ಕಡೆ ಹುಟ್ಟಿಕೊಂಡಿವೆ. ಆದರೆ ಪಂಚಾಂಗದ ಸ್ವಪ್ನಫಲದಂತೆ ಒಂದು ಕನಸಿಗೆ ಒಂದು ಫಲವನ್ನು ಗೊತ್ತುಮಾಡುವ ಆ ಶಾಸ್ತ್ರಗಳು, ಕನಸಿನಲ್ಲಿ ಕಂಡ ನ್ಯಾಯಸಭೆ ಯಾವುದು, ಅದನ್ನು ಕಂಡವರು ಹಗಲಿನಲ್ಲಿ ಎಂಥ ನ್ಯಾಯಸಭೆಯನ್ನು ಬಲ್ಲವರಾಗಿದ್ದರು, ಎಚ್ಚರವಾದ ಮೇಲೆ ಆ ಕನಸನ್ನು ಯಾರ ಮುಂದೆ ಹೇಳಿದರು ಎಂಬ ಪ್ರಶ್ನೆಗಳನ್ನು ಕೇಳುವುದಿಲ್ಲ. ಇತಿಹಾಸಕಾರನಿಗೆ ಮುಖ್ಯವಾಗುವುದು ಈ ಪ್ರಶ್ನೆಗಳೇ. ಹದಿನಾಲ್ಕನೆಯ ಶತಮಾನದ ದರ್ಶನಗ್ರಂಥಗಳಿಂದ ಹಿಡಿದು ಹದಿನೇಳನೆಯ ಶತಮಾನದ ನ್ಯಾಯಾಲಯದ ಕಡತಗಳು, ಹದಿನೆಂಟನೆಯ ಶತಮಾನದ ದಿನಚರಿ, ಇಪ್ಪತ್ತನೆಯ ಶತಮಾನದ ನಾಟಕ ಮತ್ತು ಚಲನಚಿತ್ರಗಳವರೆಗೆ ಇಂಥ ಕನಸುಗಳ ದಾಖಲೆಯನ್ನು ಬಿಡದೆ ಉಳಿಸಿಕೊಂಡಿರುವ ದೇಶ ಸ್ವೀಡನ್ ಆದುದರಿಂದ, ವಿಚಾರಣೆಯ ಕನಸಿಗೆ ಕಾಲಾತೀತವಾದ ಒಂದೇ ಅರ್ಥವಿಲ್ಲವೆಂಬುದನ್ನೂ, ಅದರ ಅರ್ಥ ಆಯಾ ಕಾಲದ ನ್ಯಾಯದ ಕಲ್ಪನೆಯೊಂದಿಗೆ ಬದಲಾಗುತ್ತ ಬಂದಿದೆಯೆಂಬುದನ್ನೂ ಅಲ್ಲಿ ಹೆಜ್ಜೆಹೆಜ್ಜೆಗೆ ನೋಡಬಹುದು.

ಸ್ವೀಡನ್ನಿನ ಹಳೆಯ ನ್ಯಾಯವ್ಯವಸ್ಥೆಯ ಬೇರು ‘ಟಿಂಗ್’ ಎಂಬ ಸಭೆಯಲ್ಲಿದೆ. ಒಂದು ಸೀಮೆಯ ಸ್ವತಂತ್ರ ರೈತರು ಗೊತ್ತಾದ ಕಾಲದಲ್ಲಿ, ಗೊತ್ತಾದ ಜಾಗದಲ್ಲಿ ಸೇರಿ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಈ ಸಭೆ, ಊರ ಕಟ್ಟೆಯ ಪಂಚಾಯ್ತಿಯನ್ನು ಬಲ್ಲ ಕನ್ನಡ ಓದುಗರಿಗೆ ತೀರ ಅಪರಿಚಿತವಾಗಿ ಕಾಣಲಾರದು. ಕಾನೂನು ಬರವಣಿಗೆಗೆ ಇಳಿಯುವ ಮೊದಲು ಅದನ್ನು ಬಾಯಿಪಾಠವಾಗಿ ಉಳಿಸಿಕೊಂಡು ಸಭೆಯಲ್ಲಿ ಹೇಳುತ್ತಿದ್ದವನಿಗೆ ‘ಲಾಗ್‌ಮನ್’, ಅಂದರೆ ಕಾನೂನಿನ ಮನುಷ್ಯ, ಎಂದು ಹೆಸರಿತ್ತು. ಅವನು ಏಕಕಾಲಕ್ಕೆ ಪ್ರಾಂತದ ನ್ಯಾಯಾಧೀಶನೂ ಮುಖಂಡನೂ ಆಗಿದ್ದನು. ಆಪಾದಿತನು ತನ್ನ ನಿರ್ದೋಷಿತ್ವವನ್ನು ಸಾಕ್ಷ್ಯದಿಂದ ಮಾತ್ರವಲ್ಲದೆ ಪ್ರಮಾಣದಿಂದಲೂ ಸ್ಥಾಪಿಸಬಹುದಾಗಿತ್ತು. ತನ್ನ ಮಾತು ನಂಬತಕ್ಕದ್ದೆಂದು ತನ್ನೊಂದಿಗೆ ಆಣೆಯಿಡಲು ಒಪ್ಪುವ ನಿಗದಿತ ಸಂಖ್ಯೆಯ ನೆರೆಹೊರೆಯವರನ್ನು ಅವನು ಸಭೆಗೆ ಕರೆತರಬೇಕಾಗಿತ್ತು. ಒಬ್ಬ ವ್ಯಕ್ತಿಯ ವಿಚಾರಣೆಯೆಂದರೆ ಅವನಿಗಾಗಿ ಯಾರು ಎದ್ದುನಿಲ್ಲುತ್ತಾರೆ ಎಂಬುದರ ಪರೀಕ್ಷೆಯೂ ಆಗಿದ್ದ ಈ ಪದ್ಧತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಹೋದರೆ ಸ್ವೀಡನ್ನಿನ ಮೊದಲ ದೊಡ್ಡ ವಿಚಾರಣಾದರ್ಶನ ಅರ್ಥವಾಗುವುದಿಲ್ಲ.

ಆ ದರ್ಶನವನ್ನು ಕಂಡವಳು ಸಂತ ಬಿರ್ಗಿತ್ತಾ. ಅವಳು 1303ರಲ್ಲಿ ಹುಟ್ಟಿದ್ದು ಕಾನೂನಿನ ಮನೆತನದಲ್ಲಿ. ಅವಳ ತಂದೆ ಬಿರ್ಗೆರ್ ಪೆರ್ಸೊನ್ ಉಪ್‌ಲಾಂಡ್ ಪ್ರಾಂತದ ಲಾಗ್‌ಮನ್ ಆಗಿದ್ದು, 1296ರಲ್ಲಿ ಅರಸನ ಒಪ್ಪಿಗೆ ಪಡೆದ ಉಪ್‌ಲಾಂಡಿನ ಲಿಖಿತ ಕಾನೂನುಸಂಹಿತೆಯನ್ನು ಸಿದ್ಧಪಡಿಸಿದ ಮಂಡಲಿಯನ್ನು ನಡೆಸಿದವನು; ಹದಿಹರೆಯದಲ್ಲೇ ಅವಳನ್ನು ಮದುವೆಯಾದ ಉಲ್ಫ್ ಗುಡ್‌ಮಾರ್ಸೊನ್ ಕೂಡ ನೆರ್ಕೆ ಪ್ರಾಂತದ ಲಾಗ್‌ಮನ್ ಆಗಿದ್ದನು. ಎಂಟು ಮಕ್ಕಳ ತಾಯಿಯಾಗಿ, 1344ರಲ್ಲಿ ವಿಧವೆಯಾಗಿ, ಆಲ್ವಾಸ್ತ್ರಾದ ಮಠದ ಬಳಿ ನೆಲೆಸಿದ ಮೇಲೆ ಅವಳಿಗೆ ದರ್ಶನಗಳು ಒಂದರ ಮೇಲೊಂದು ಬರತೊಡಗಿದವು. ಅವಳ ಮಾತುಗಳನ್ನು ಪಾದ್ರಿಗಳು ಲ್ಯಾಟಿನ್ನಿಗೆ ತಿರುಗಿಸಿ ಹಲವು ಸಂಪುಟಗಳಲ್ಲಿ ಬರೆದಿಟ್ಟರು. ಇವು ನಿದ್ದೆಯ ಕನಸುಗಳಲ್ಲ, ಪ್ರಾರ್ಥನೆಯಲ್ಲಿ ಎಚ್ಚರವಾಗಿದ್ದಾಗಲೇ ಒದಗಿದ ಕಾಣ್ಕೆಗಳು ಎಂಬ ಭೇದವನ್ನು ಅವಳ ಕಾಲದವರು ಬಹಳ ಎಚ್ಚರಿಕೆಯಿಂದ ಕಾಪಾಡಿದ್ದರು, ಏಕೆಂದರೆ ಕನಸಿನಲ್ಲಿ ಸೈತಾನನು ಸುಲಭವಾಗಿ ಕೈಹಾಕಬಲ್ಲನೆಂಬ ಭಯ ಮಧ್ಯಯುಗದ ಚರ್ಚಿಗೆ ಇತ್ತು. ಆದರೂ ಮನಸ್ಸು ಚಿತ್ರಗಳನ್ನು ಕಟ್ಟುವ ಬಗೆಯಲ್ಲಿ ಇವೆರಡೂ ಒಂದೇ ಕುಲಕ್ಕೆ ಸೇರಿದವು. ಬಿರ್ಗಿತ್ತಾಳ ಮನಸ್ಸು ಚಿತ್ರಗಳನ್ನು ಕಟ್ಟಿದ್ದು ಪದೇ ಪದೇ ನ್ಯಾಯಸಭೆಯ ಆಕಾರದಲ್ಲಿ.

ಇವುಗಳಲ್ಲಿ ತಾಯ್ತನದ ನೋವು ಎದ್ದುಕಾಣುವುದು ಅವಳ ಮಗ ಕಾರ್ಲನ ವಿಚಾರಣೆಯಲ್ಲಿ. ತಾಯಿಯ ಜೊತೆಗೆ ಜೆರೂಸಲೇಮ್ ಯಾತ್ರೆಗೆ ಹೊರಟಿದ್ದ ಕಾರ್ಲನು 1372ರಲ್ಲಿ ನೇಪಲ್ಸಿನಲ್ಲಿ ತೀರಿಕೊಂಡನು. ವಿಲಾಸಿಯೆಂದು ಹೆಸರಾಗಿದ್ದ ಅವನು ಅಲ್ಲಿನ ರಾಣಿಯ ಮೋಹದಲ್ಲಿ ಸಿಕ್ಕಿಬಿದ್ದಿದ್ದನೆಂಬ ಮಾತು ಪ್ರಚಾರದಲ್ಲಿದ್ದುದರಿಂದ ಅವನ ಆತ್ಮದ ಗತಿಯ ಬಗ್ಗೆ ತಾಯಿಗೆ ಆತಂಕವಿತ್ತು. ದರ್ಶನಗಳ ಏಳನೆಯ ಸಂಪುಟದಲ್ಲಿ ದಾಖಲಾಗಿರುವಂತೆ, ಅವಳಿಗೆ ಕ್ರಿಸ್ತನು ನ್ಯಾಯಾಧೀಶನಾಗಿ ಕುಳಿತಿರುವುದೂ ಸೈತಾನನು ಫಿರ್ಯಾದುದಾರನಾಗಿ, ದೇವದೂತನು ಆಪಾದಿತನ ಪರವಾಗಿ ನಿಂತಿರುವುದೂ ಕಾಣಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಸೈತಾನನ ಮೊದಲ ತಕರಾರು ಪಾಪದ ಕುರಿತಲ್ಲ, ಕಾರ್ಯವಿಧಾನದ ಕುರಿತು. ತೀರ್ಪಿಗೆ ಮೊದಲೇ ಕನ್ಯೆ ಮೇರಿ ಆತ್ಮವನ್ನು ತನ್ನ ರಕ್ಷಣೆಗೆ ತೆಗೆದುಕೊಂಡದ್ದು ಅಕ್ರಮವೆಂದು ಅವನು ವಾದಿಸುತ್ತಾನೆ. ಆ ವಾದ ಬಿದ್ದುಹೋದ ಮೇಲೆ ಪಾಪಗಳ ಪಟ್ಟಿಯನ್ನು ಓದಲು ಹೋದರೆ, ತಾಯಿಯ ಕಣ್ಣೀರು ಅವನ ಚೀಲವನ್ನು ಬರಿದುಮಾಡಿದೆ, ಬರೆದದ್ದು ಅಳಿಸಿಹೋಗಿದೆ, ಅವನ ನೆನಪೇ ಕೈಕೊಟ್ಟಿದೆ. ಕಾರ್ಲನಿಗೆ ಕಣ್ಣೀರಿನ ಮಗನೆಂಬ ಹೆಸರು ದೊರೆತು ಬಿಡುಗಡೆಯಾಗುತ್ತದೆ.

ಯಮನ ಸಭೆಯಲ್ಲಿ ಚಿತ್ರಗುಪ್ತನ ಲೆಕ್ಕದ ಪುಸ್ತಕವನ್ನು ಬಲ್ಲವರಿಗೆ ಈ ದೃಶ್ಯದ ಕರುಣೆ ಕೂಡಲೇ ಹೊಳೆಯುತ್ತದೆ. ಚಿತ್ರಗುಪ್ತನ ಬರಹ ಅಳಿಯುವುದು ಅಪರೂಪ, ಇಲ್ಲಿಯಾದರೋ ತಾಯಿಯ ಅಳುವಿಗೆ ದಾಖಲೆಯನ್ನೇ ತೊಳೆಯುವ ಶಕ್ತಿಯಿದೆ. ಅದಕ್ಕಿಂತ ಹೆಚ್ಚಾಗಿ, ಲಾಗ್‌ಮನ್ನನ ಮಗಳು ಬಾಲ್ಯದಿಂದ ಕೇಳಿಬಲ್ಲ ಟಿಂಗ್‌ನ ನಡಾವಳಿ, ಆಪಾದಿತನಿಗಾಗಿ ಎದ್ದುನಿಲ್ಲುವವರ ಮಾತಿಗೆ ಅಲ್ಲಿದ್ದ ಬೆಲೆ, ಇವೆರಡೂ ಈ ದರ್ಶನದ ಎಲುಬುಗೂಡಾಗಿವೆ. ಬಿರ್ಗಿತ್ತಾಳ ಕಾಲಕ್ಕೆ ವಿಚಾರಣೆಯ ದರ್ಶನವೆಂದರೆ ಭಯದ ಜೊತೆಗೆ ಭರವಸೆಯೂ ಆಗಿತ್ತು: ಆ ಸಭೆಯಲ್ಲಿ ನಿಯಮಗಳಿವೆ, ವಕಾಲತ್ತಿದೆ, ಆಪಾದಿತನು ಒಬ್ಬಂಟಿಯಲ್ಲ. ಅವಳು 1373ರಲ್ಲಿ ರೋಮಿನಲ್ಲಿ ತೀರಿಕೊಂಡು 1391ರಲ್ಲಿ ಸಂತಳೆಂದು ಘೋಷಿತಳಾದಳು. ಆ ಬಳಿಕ ಅವಳ ದರ್ಶನಗಳೇ ವಿಚಾರಣೆಗೆ ಗುರಿಯಾದವು. ಜಾನ್ ಜೆರ್ಸನ್ ಎಂಬ ಫ್ರೆಂಚ್ ಧರ್ಮಪಂಡಿತನು 1415ರಲ್ಲಿ ದರ್ಶನಗಳ ಸತ್ಯಾಸತ್ಯವನ್ನು ಪರೀಕ್ಷಿಸುವ ಬಗೆಯನ್ನು ಕುರಿತು ಗ್ರಂಥವನ್ನೇ ಬರೆದನು, ಮುಂದೆ ಬಾಸೆಲ್ ಧರ್ಮಸಭೆಯಲ್ಲಿ ಅವುಗಳ ಮೇಲೆ ನೂರಕ್ಕೂ ಮಿಕ್ಕಿದ ಆಕ್ಷೇಪಣೆಗಳು ಸಲ್ಲಿಕೆಯಾದವು. ಒಬ್ಬರಿಗೆ ಕಂಡದ್ದನ್ನು ಇನ್ನೊಬ್ಬರು ನಿಜವೆಂದು ಒಪ್ಪಬಹುದೇ, ಒಪ್ಪುವುದಾದರೆ ಯಾವ ಆಧಾರದ ಮೇಲೆ ಎಂಬ ಪ್ರಶ್ನೆ ಆಗ ಪಂಡಿತರ ಚರ್ಚೆಯಾಗಿತ್ತು. ಇನ್ನೂರೈವತ್ತು ವರ್ಷಗಳ ಬಳಿಕ ಅದೇ ಪ್ರಶ್ನೆ ಸ್ವೀಡನ್ನಿನ ಹಳ್ಳಿಗಳಲ್ಲಿ ಜೀವನ್ಮರಣದ ಪ್ರಶ್ನೆಯಾಯಿತು.

ದುಃಸ್ವಪ್ನಕ್ಕೆ ಸ್ವೀಡಿಷ್ ಭಾಷೆಯಲ್ಲಿ ‘ಮಾರ್‌ಡ್ರೋಮ್’ ಎಂಬ ಪದವಿದೆ. ಅದರ ಮೊದಲ ಅಂಗವಾದ ‘ಮಾರಾ’ ಎಂಬುದು ಮಲಗಿದವರ ಎದೆಯ ಮೇಲೆ ಏರಿ ಕುಳಿತು ಉಸಿರು ಕಟ್ಟಿಸುವ ಜೀವಿಯ ಹೆಸರು. ಉಪ್ಸಾಲಾದ ಪುರಾತನ ಅರಸನಾದ ವನ್‌ಲಂದಿಯನ್ನು ನಿದ್ದೆಯಲ್ಲಿ ಮಾರಾ ತುಳಿದು ಕೊಂದಿತೆಂದು ಐಸ್‌ಲ್ಯಾಂಡಿನ ಸ್ನೊರ್ರಿ ಹದಿಮೂರನೆಯ ಶತಮಾನದಲ್ಲಿ ಬರೆದಿದ್ದಾನೆ. ಮಾರಾ ಹಲವು ವೇಳೆ ನೆರೆಯ ಹೆಂಗಸೇ ಆಗಿರುತ್ತಾಳೆಂಬ ನಂಬಿಕೆ ಸ್ಕ್ಯಾಂಡಿನೇವಿಯಾದಲ್ಲಿ ವ್ಯಾಪಕವಾಗಿತ್ತು. ಕೆಟ್ಟ ಕನಸು ಬಿದ್ದರೆ ಅದಕ್ಕೆ ಕಾರಣಳಾದ ಒಬ್ಬಳು ಹೊರಗೆ ಇರಲೇಬೇಕು, ಅವಳನ್ನು ಹಿಡಿದು ಕೇಳಬಹುದು ಎಂಬ ತರ್ಕ ಈ ನಂಬಿಕೆಯಲ್ಲಿ ಅಡಗಿತ್ತು. ಉತ್ತರ ಕರ್ನಾಟಕದಲ್ಲಿ ಭಾನಾಮತಿಯ ಆಪಾದನೆ ಹೊತ್ತ ಬಡ ಹೆಂಗಸರ ಪಾಡನ್ನು ಬಲ್ಲವರಿಗೆ ಈ ತರ್ಕ ಎಲ್ಲಿಗೆ ಕೊಂಡೊಯ್ಯುತ್ತದೆಂದು ಹೇಳಬೇಕಾಗಿಲ್ಲ.

ಸ್ವೀಡನ್ನಿನಲ್ಲಿ ಅದು ಕೊಂಡೊಯ್ದದ್ದು 1668ರಿಂದ 1676ರವರೆಗಿನ ಮಾಟಗಾತಿಯರ ವಿಚಾರಣೆಗಳಿಗೆ. ಆ ದೇಶದ ಚರಿತ್ರೆಯಲ್ಲಿ ‘ಮಹಾ ಗದ್ದಲ’ ಎಂಬ ಅರ್ಥದ ಹೆಸರು ಪಡೆದಿರುವ ಈ ಎಂಟು ವರ್ಷಗಳಲ್ಲಿ ಸುಮಾರು 300 ಮಂದಿ, ಅವರಲ್ಲಿ ಬಹುಪಾಲು ಹೆಂಗಸರು, ಮರಣದಂಡನೆಗೆ ಗುರಿಯಾದರು. ದಾಲಾರ್ನಾ ಪ್ರಾಂತದ ಎಲ್ವ್‌ದಾಲೆನ್ ಎಂಬ ಪಾರಿಷ್‌ನಲ್ಲಿ, ಅಂದರೆ ಒಂದು ಇಗರ್ಜಿಗೆ ಸೇರಿದ ಗ್ರಾಮಸಮೂಹದಲ್ಲಿ, ಹನ್ನೆರಡರ ವಯಸ್ಸಿನ ಗೆರ್ಟ್ರೂಡ್ ಸ್ವೆನ್ಸ್‌ಡೊಟ್ಟೆರ್ ಎಂಬ ಹುಡುಗಿಯ ವಿಚಾರಣೆಯಿಂದ ಆರಂಭವಾದ ಪ್ರಕರಣ, ಅವಳು ಹೆಸರಿಸಿದ ಮೇರೆತ್ ಯೂನ್ಸ್‌ಡೊಟ್ಟೆರ್ ಎಂಬ ಹೆಣ್ಣಾಳಿನ ಮೂಲಕ ಹಬ್ಬಿ, 1669ರ ಆಗಸ್ಟಿನಲ್ಲಿ ಮೂರಾ ಎಂಬ ಊರಿಗೆ ರಾಜನಿಯೋಗವೇ ಬಂದು ಕೂರುವ ಮಟ್ಟಕ್ಕೆ ಬೆಳೆಯಿತು. ಮೇರೆತ್ ಕೊನೆಯವರೆಗೂ ತಪ್ಪೊಪ್ಪಿಕೊಳ್ಳದೆ 1672ರಲ್ಲಿ ವಧೆಗೊಂಡಳು.

ಈ ವಿಚಾರಣೆಗಳ ವಿಶೇಷವೆಂದರೆ ಸಾಕ್ಷಿಗಳಲ್ಲಿ ಬಹುಪಾಲು ಮಂದಿ ಮಕ್ಕಳು, ಅವರು ಹೇಳಿದ ಸಾಕ್ಷ್ಯ ರಾತ್ರಿಯದು. ಮಾಟಗಾತಿಯರು ತಮ್ಮನ್ನು ಹಾಸಿಗೆಯಿಂದ ಎತ್ತಿಕೊಂಡು ‘ಬ್ಲೋಕುಲ್ಲಾ’ ಎಂಬ ಸ್ಥಳಕ್ಕೆ ಒಯ್ದರೆಂದು ಮಕ್ಕಳು ಹೇಳುತ್ತಿದ್ದರು. ಬ್ಲೋಕುಲ್ಲಾ ಎಂದರೆ ಜನಪದ ನಂಬಿಕೆಯಲ್ಲಿ ಸೈತಾನನ ಔತಣಕೂಟ ನಡೆಯುವ ತಾಣ. ಕಲ್ಮಾರ್ ಜಲಸಂಧಿಯಲ್ಲಿ ಇಂದು ರಾಷ್ಟ್ರೀಯ ಉದ್ಯಾನವಾಗಿರುವ ಬ್ಲೋ ಯುಂಗ್‌ಫ್ರೂನ್ ದ್ವೀಪವನ್ನೇ ಬಹುಕಾಲ ಆ ಹೆಸರಿನೊಂದಿಗೆ ಗುರುತಿಸುತ್ತಿದ್ದರು, 1741ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಅಲ್ಲಿ ಇಳಿದು ನೋಡಿಬಂದದ್ದೂ ಉಂಟು. ಆದರೆ ಮಕ್ಕಳು ವರ್ಣಿಸಿದ ಬ್ಲೋಕುಲ್ಲಾ ಯಾವ ನಕಾಶೆಗೂ ಸೇರಿದ್ದಲ್ಲ: ಹಸಿರು ಬಯಲಿನ ನಡುವೆ ದೊಡ್ಡ ಮನೆ, ಉದ್ದನೆಯ ಊಟದ ಮೇಜು, ಬೆನ್ನಿಗೆ ಬೆನ್ನು ಹಚ್ಚಿ ಕುಣಿಯುವ ಜನ, ಎಲ್ಲವೂ ತಿರುಗುಮುರುಗು, ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಸೈತಾನ, ಪಕ್ಕದ ಕೋಣೆಯಲ್ಲಿ ಬಿಳಿಯ ದೇವದೂತರು. ಇದು ಕನಸಿನ ವಾಸ್ತುವೆಂಬುದು ಓದಿದ ಕೂಡಲೇ ತಿಳಿಯುತ್ತದೆ, ಅಂದಿನವರಿಗೂ ಆ ಅನುಮಾನ ಇರಲಿಲ್ಲವೆಂದಲ್ಲ. ಮಗು ರಾತ್ರಿಯಿಡೀ ತಮ್ಮ ತೋಳಿನಲ್ಲೇ ಮಲಗಿತ್ತು, ಬೆಳಗ್ಗೆ ಎದ್ದು ಬ್ಲೋಕುಲ್ಲಾಕ್ಕೆ ಹೋಗಿಬಂದೆನೆಂದಿತು ಎಂದು ತಂದೆತಾಯಿಗಳೇ ಹೇಳುತ್ತಿದ್ದರು. ಹತ್ತನೆಯ ಶತಮಾನದಷ್ಟು ಹಿಂದೆಯೇ ಪಶ್ಚಿಮದ ಚರ್ಚಿನ ಒಂದು ವಿಧಿ, ರಾತ್ರಿ ಮೃಗಗಳನ್ನೇರಿ ಹಾರಿದೆವೆಂದು ನಂಬುವ ಹೆಂಗಸರು ಕನಸಿನಲ್ಲಿ ಮೋಸಹೋದವರೆಂದು ಸ್ಪಷ್ಟವಾಗಿ ಹೇಳಿತ್ತು. ಆ ಹಳೆಯ ವಿವೇಕ ಈಗ ನಿಲ್ಲಲಿಲ್ಲ. ದೇಹ ಹಾಸಿಗೆಯಲ್ಲಿದ್ದರೂ ಸೈತಾನನು ಆತ್ಮವನ್ನು ಒಯ್ಯಬಲ್ಲನು, ಅಥವಾ ಮಗುವಿನ ಪ್ರತಿರೂಪವನ್ನು ಹಾಸಿಗೆಯಲ್ಲಿ ಇಟ್ಟುಹೋಗಬಲ್ಲನು ಎಂಬ ಸಮಾಧಾನ ಸಿದ್ಧವಾಗಿತ್ತು.

ಸ್ವೀಡನ್ನಿನ ಕಾನೂನಿನ ಪ್ರಕಾರ ಅಪರಾಧ ಸಾಬೀತಾಗಲು ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ಅಥವಾ ಆಪಾದಿತರ ತಪ್ಪೊಪ್ಪಿಗೆ ಬೇಕಾಗಿತ್ತು. ಹದಿನೈದು ವರ್ಷದೊಳಗಿನವರ ಸಾಕ್ಷ್ಯಕ್ಕೆ ಬೆಲೆಯಿರಲಿಲ್ಲ. ಈ ಪ್ರಕರಣಗಳಲ್ಲಿ ಆ ಕಟ್ಟುಪಾಡು ಸಡಿಲವಾಯಿತು, ಹಲವು ಮಕ್ಕಳ ಮಾತುಗಳನ್ನು ಕೂಡಿಸಿ ಪೂರ್ಣ ಸಾಕ್ಷ್ಯದ ತೂಕಕ್ಕೆ ತರಲಾಯಿತು. 1971ರಲ್ಲಿ ಈ ವಿಚಾರಣೆಗಳ ಕುರಿತು ದೊಡ್ಡ ಅಧ್ಯಯನವನ್ನು ಪ್ರಕಟಿಸಿದ ಬೆಂಗ್ಟ್ ಆಂಕರ್ಲೂ ಎಂಬ ಇತಿಹಾಸಕಾರನ ಕೃತಿಯಿಂದ ಈ ಸಡಿಲಿಕೆ ಹೇಗೆ ಒಂದೊಂದು ಹಂತದಲ್ಲಿ ನಡೆಯಿತೆಂಬುದು ವಿವರವಾಗಿ ತಿಳಿದುಬಂದಿದೆ. ಬ್ಲೋಕುಲ್ಲಾದ ವಿರುದ್ಧ ರಾಜ್ಯದ ಇಗರ್ಜಿಗಳಲ್ಲೆಲ್ಲ ಪ್ರಾರ್ಥನೆ ಓದಿಸಿದ್ದರಿಂದ, ಆ ಹೆಸರನ್ನೇ ಕೇಳದಿದ್ದ ಮಕ್ಕಳಿಗೂ ಕನಸಿನ ವಸ್ತು ವೇದಿಕೆಯಿಂದಲೇ ದೊರೆಯಿತು. ಕಥೆ ಮೊದಲು ಹಬ್ಬುತ್ತಿತ್ತು, ಕನಸು ಅದರ ಹಿಂದೆಯೇ ಬರುತ್ತಿತ್ತು, ಸಾಕ್ಷ್ಯ ಕನಸಿನ ಹಿಂದೆ.

ಈ ಕಾಲದ ಅತ್ಯಂತ ನೋವಿನ ಸಂಸ್ಥೆಯೆಂದರೆ ‘ವಾಕ್‌ಸ್ಟೂಗಾ’, ಅಂದರೆ ಜಾಗರಣೆಯ ಮನೆ. ಮಾಟಗಾತಿಯರು ಒಯ್ಯದಂತೆ ಮಕ್ಕಳನ್ನು ರಾತ್ರಿ ಒಂದೆಡೆ ಕೂಡಿಹಾಕಿ, ದೊಡ್ಡವರು ಕಾವಲಿದ್ದು, ಪ್ರಾರ್ಥನೆ ಮಾಡಿಸುತ್ತ, ನಿದ್ದೆಗೆ ಜಾರದಂತೆ ಎಬ್ಬಿಸುತ್ತ ಬೆಳಗು ಮಾಡಿಸುತ್ತಿದ್ದ ಮನೆಗಳಿವು; ಹಳ್ಳಿಗಳಲ್ಲಿ ಮೊದಲಾದ ಇವು ಕೊನೆಗೆ ರಾಜಧಾನಿಯ ಕತರೀನಾ ಪಾರಿಷ್‌ನಲ್ಲೂ ತಲೆಯೆತ್ತಿದವು. ರಕ್ಷಣೆಯೆಂದು ಮಾಡಿದ ಈ ಏರ್ಪಾಟು ಅನಾಹುತವನ್ನು ಹೆಚ್ಚಿಸಿತೆಂಬುದರಲ್ಲಿ ಸಂದೇಹವಿಲ್ಲ. ನಿದ್ದೆಗೆಟ್ಟು ಭಯದಲ್ಲಿ ಒತ್ತಾಗಿ ಕುಳಿತ ಮಕ್ಕಳು ಒಬ್ಬರ ಕಥೆಯನ್ನು ಇನ್ನೊಬ್ಬರಿಂದ ಕಲಿತರು, ಅರೆನಿದ್ದೆಯಲ್ಲಿ ಕಂಡದ್ದಕ್ಕೂ ಪಕ್ಕದವರು ಹೇಳಿದ್ದಕ್ಕೂ ಅವರಲ್ಲಿ ಭೇದ ಉಳಿಯಲಿಲ್ಲ, ಬೆಳಗ್ಗೆ ಕೇಳುವ ದೊಡ್ಡವರಿಗೆ ಬೇಕಾಗಿದ್ದುದು ಹೆಸರುಗಳು. ಹೀಗೆ ಕನಸನ್ನು ತಡೆಯಲು ಕಟ್ಟಿದ ಮನೆಯಲ್ಲೇ ಕನಸುಗಳು ಒಂದೇ ಅಚ್ಚಿನಲ್ಲಿ ತಯಾರಾದವು, ಆ ಏಕರೂಪತೆಯನ್ನೇ ನ್ಯಾಯಾಲಯ ಅವುಗಳ ಸತ್ಯಕ್ಕೆ ಪ್ರಮಾಣವೆಂದು ಎಣಿಸಿತು.

ಓಂಗೆರ್ಮನ್‌ಲಾಂಡ್ ಪ್ರಾಂತದ ಟೂರ್ಸೋಕೆರ್‌ನಲ್ಲಿ ಇದರ ಪರಿಣಾಮ ಅತ್ಯಂತ ಘೋರವಾಯಿತು. ಟೂರ್ಸೋಕೆರ್ ಮತ್ತು ಅದರ ಎರಡು ನೆರೆಯ ಪಾರಿಷ್‌ಗಳಿಂದ 71 ಮಂದಿಯನ್ನು, ಅವರಲ್ಲಿ 65 ಮಂದಿ ಹೆಂಗಸರು, 1675ರಲ್ಲಿ ಒಂದೇ ದಿನ ಶಿರಚ್ಛೇದ ಮಾಡಿ ಸುಡಲಾಯಿತು. ಮಾಟಗಾತಿಯರ ಹಣೆಯಲ್ಲಿ ಇತರರಿಗೆ ಕಾಣದ ಗುರುತನ್ನು ಕಾಣಬಲ್ಲರೆಂದು ನಂಬಲಾದ ಹುಡುಗರನ್ನು ಇಗರ್ಜಿಯ ಬಾಗಿಲಲ್ಲಿ ನಿಲ್ಲಿಸಿ, ಪ್ರಾರ್ಥನೆಗೆ ಬರುವವರತ್ತ ಬೆರಳು ತೋರಿಸುವ ಕೆಲಸವನ್ನು ಅವರಿಗೆ ವಹಿಸಿದ್ದರು. ಪಾದ್ರಿ ಲೌರೆಂತಿಯುಸ್ ಹೊರ್ನೇಯುಸ್ ಮಕ್ಕಳಿಂದ ಸಾಕ್ಷ್ಯ ಹೇಳಿಸಲು ಅವರನ್ನು ಹೊಡೆಸಿದ್ದೂ ತಣ್ಣೀರಿನಲ್ಲಿ ಮುಳುಗಿಸಿದ್ದೂ ಅವನ ಮೊಮ್ಮಗನ ಬರಹದಿಂದಲೇ ಗೊತ್ತಾಗುತ್ತದೆ. ಆ ಮೊಮ್ಮಗ ಯೋನ್ಸ್ ಹೊರ್ನೇಯುಸ್ 1735ರಲ್ಲಿ, ಎಲ್ಲವನ್ನೂ ಕಣ್ಣಾರೆ ಕಂಡಿದ್ದ ತನ್ನ ಅಜ್ಜಿ ಬ್ರಿತ್ತಾ ರುಫೀನಾ ಹೇಳಿದ್ದನ್ನು ಬರೆದಿಟ್ಟನು. ಹುಡುಗನೊಬ್ಬ ಪಾದ್ರಿಯ ಹೆಂಡತಿಯಾದ ಅವಳತ್ತಲೇ ಬೆರಳು ತೋರಿಸಿದಾಗ ಅವಳು ಅವನ ಕೆನ್ನೆಗೆ ಬಾರಿಸಿದಳು, ಅವನು ಸೂರ್ಯನ ಬೆಳಕಿನಿಂದ ಕಣ್ಣು ಕೋರೈಸಿತೆಂದು ಕ್ಷಮೆ ಕೇಳಿದನು. ಹಾಗೆ ಬಾರಿಸುವ ಸ್ಥಾನ ಉಳಿದ ಹೆಂಗಸರಿಗೆ ಇರಲಿಲ್ಲವೆಂಬುದನ್ನು ಈ ಪ್ರಸಂಗದ ಜೊತೆಗೇ ನೆನೆಯಬೇಕು.

ಗದ್ದಲ ಮುಗಿದದ್ದು ಸ್ಟಾಕ್‌ಹೋಮಿನಲ್ಲಿ. 1676ರ ಆಗಸ್ಟ್ 5ರಂದು ಮಾಲಿನ್ ಮಾತ್ಸ್‌ಡೊಟ್ಟೆರ್ ಎಂಬ ವಿಧವೆಯನ್ನು, ಸ್ವಂತ ಹೆಣ್ಣುಮಕ್ಕಳ ಸಾಕ್ಷ್ಯದ ಮೇಲೆ, ಜೀವಂತವಾಗಿ ಸುಟ್ಟರು. ತಪ್ಪೊಪ್ಪಿಕೊಳ್ಳೆಂದು ಮಗಳು ಕೂಗಿದಾಗಲೂ ಅವಳು ಒಪ್ಪಿಕೊಳ್ಳಲಿಲ್ಲ. ಕೆಲವೇ ವಾರಗಳಲ್ಲಿ, ನಿಯೋಗದ ಸದಸ್ಯರಲ್ಲಿ ಒಬ್ಬನಾದ ಉರ್ಬಾನ್ ಯೆರ್ನೆ ಎಂಬ ಮೂವತ್ತನಾಲ್ಕರ ವೈದ್ಯನೂ ಅವನಂತೆ ಯೋಚಿಸಿದ ಕೆಲವರೂ ಮಕ್ಕಳನ್ನು ಬೇರೆ ರೀತಿಯಲ್ಲಿ ಪ್ರಶ್ನಿಸಿದಾಗ, ಅವರು ಒಬ್ಬೊಬ್ಬರಾಗಿ ತಾವು ಹೇಳಿದ್ದು ಕಟ್ಟುಕಥೆಯೆಂದು ಒಪ್ಪಿಕೊಂಡರು. ಸೆರೆಯಲ್ಲಿದ್ದವರ ಬಿಡುಗಡೆಯಾಯಿತು; ಮುಖ್ಯ ಸಾಕ್ಷಿಗಳಲ್ಲಿ ಕೆಲವರಿಗೆ ಸುಳ್ಳು ಸಾಕ್ಷ್ಯಕ್ಕಾಗಿ ಮರಣದಂಡನೆಯಾಯಿತು, ಅವರಲ್ಲಿ ತನ್ನ ತಾಯಿಯ ವಿರುದ್ಧವೇ ಸಾಕ್ಷಿ ಹೇಳಿದ್ದ ಯೆವ್ಲೆ ಪಟ್ಟಣದ ಎಳೆಯ ಹುಡುಗನೂ ಇದ್ದನು. ಯೆರ್ನೆಗೆ ಇವು ರೋಗ, ಕಲ್ಪನೆ, ಅನುಕರಣೆ ಮತ್ತು ದ್ವೇಷಗಳ ಬೆರಕೆಯಾಗಿ ಕಂಡವು. ಎಂಟು ವರ್ಷಗಳಲ್ಲಿ ಅದನ್ನು ಯಾರೂ ಕಾಣದೆ ಹೋದದ್ದಲ್ಲ, ಕಂಡವರ ಮಾತಿಗೆ ಸಭೆಯಲ್ಲಿ ಬಹುಮತ ಸಿಗದೆ ಹೋದದ್ದು ದುರಂತ. ಮೂರಾದ ವೃತ್ತಾಂತ ಅಷ್ಟರಲ್ಲಿ ಜರ್ಮನ್ ಮತ್ತು ಇಂಗ್ಲಿಷ್ ಭಾಷೆಗಳಿಗೆ ಇಳಿದು, 1692ರಲ್ಲಿ ಅಮೆರಿಕದ ಸೇಲಮ್ ಊರಿನಲ್ಲಿ ಅಂಥದೇ ವಿಚಾರಣೆಗಳು ನಡೆದಾಗ ಪಾದ್ರಿ ಕಾಟನ್ ಮ್ಯಾಥರ್‌ಗೆ ನಿದರ್ಶನವಾಗಿ ಒದಗಿತು. ಸ್ವೀಡನ್ನಿನಲ್ಲಿ ಮಾಟಕ್ಕೆ ಮರಣದಂಡನೆ ಕಾನೂನಿನಿಂದ ತೆಗೆದುಹೋದದ್ದು 1779ರಲ್ಲಿ.

ಅದೇ 1676ರ ಇಸವಿಯನ್ನು ಹೊತ್ತ ಇನ್ನೊಂದು ನ್ಯಾಯಸಭೆಯ ದರ್ಶನ ಸ್ವೀಡನ್ನಿನಲ್ಲಿ ಬಹುಕಾಲ ಪ್ರಚಾರದಲ್ಲಿತ್ತು. ಆ ವರ್ಷದ ಡಿಸೆಂಬರ್ ತಿಂಗಳ ಒಂದು ರಾತ್ರಿ ಹನ್ನೊಂದನೆಯ ಕಾರ್ಲ್ ಅರಸನು ಸ್ಟಾಕ್‌ಹೋಮ್ ಅರಮನೆಯ ಸಭಾಮಂದಿರದಲ್ಲಿ ಬೆಳಕನ್ನು ಕಂಡು ಒಳಹೊಕ್ಕನೆಂದೂ, ಅಲ್ಲಿ ಕಪ್ಪುಬಟ್ಟೆ ಹೊದಿಸಿದ ಗೋಡೆಗಳ ನಡುವೆ ದೊಡ್ಡ ಪುಸ್ತಕಗಳ ಮುಂದೆ ಕುಳಿತ ನ್ಯಾಯಾಧಿಪತಿಗಳು, ಕಿರೀಟ ಧರಿಸಿದ ಎಳೆಯ ಅರಸ, ಒಬ್ಬರಾದ ಮೇಲೊಬ್ಬರು ಕೊರಳು ಒಡ್ಡುವ ತರುಣರು, ನೆಲದ ತುಂಬ ಹರಿಯುವ ರಕ್ತ ಕಂಡವೆಂದೂ, ಅರಸನೇ ಸಾಕ್ಷಿಗಳೊಡನೆ ಸಹಿಮಾಡಿದಂತೆ ತೋರುವ ಪತ್ರವೊಂದು ಹೇಳುತ್ತದೆ. ಪತ್ರ ನಕಲಿ, ಹದಿನೆಂಟನೆಯ ಶತಮಾನದ ರಾಜಕೀಯ ಕಲಹಗಳ ಸೃಷ್ಟಿ. ಆ ಡಿಸೆಂಬರ್ 4ರಂದು ಲುಂಡ್ ಕಾಳಗದಲ್ಲಿ ಡೆನ್ಮಾರ್ಕಿನ ಸೈನ್ಯವನ್ನು ಎದುರಿಸಿದ್ದ ಕಾರ್ಲನು ಆಗ ದಕ್ಷಿಣದ ಸ್ಕೋನೆಯ ಯುದ್ಧಭೂಮಿಯಲ್ಲಿದ್ದನು. ಆದರೂ 1792ರಲ್ಲಿ ಮೂರನೆಯ ಗುಸ್ತಾವ್ ಅರಸನ ಕೊಲೆಯಾದ ಮೇಲೆ ಅದು ಭವಿಷ್ಯವಾಣಿಯಾಗಿ ಮರುಜೀವ ಪಡೆಯಿತು, 1829ರಲ್ಲಿ ಫ್ರೆಂಚ್ ಲೇಖಕ ಮೆರಿಮೆ ಅದನ್ನು ಕಥೆಯಾಗಿಸಿದನು. ಮಕ್ಕಳ ಕನಸಿನಿಂದ ಬಡವರು ಕೊಲ್ಲಲ್ಪಟ್ಟ ವರ್ಷಕ್ಕೆ, ಅರಮನೆಯೇ ಕಟಕಟೆಗೆ ಬರುವ ಒಂದು ಕನಸನ್ನು ನಂತರದ ತಲೆಮಾರು ಆರೋಪಿಸಿತೆಂಬುದು ಕೇವಲ ಕಾಕತಾಳೀಯವಿರಬಹುದು, ಆದರೂ ಗಮನಕ್ಕೆ ಯೋಗ್ಯವಾದುದು.

ಇಮಾನುಯೆಲ್ ಸ್ವೀಡನ್‌ಬೋರ್ಗ್ ಹುಟ್ಟಿದ್ದು 1688ರಲ್ಲಿ, ಆ ಗದ್ದಲ ಮುಗಿದು ಹನ್ನೆರಡು ವರ್ಷಗಳಾದ ಮೇಲೆ. ಗಣಿ ಇಲಾಖೆಯಲ್ಲಿ ಅಧಿಕಾರಿಯೂ ವಿಜ್ಞಾನಿಯೂ ಆಗಿದ್ದ ಅವನು 1743 ಮತ್ತು 1744ರಲ್ಲಿ ಹಾಲೆಂಡ್ ಹಾಗೂ ಲಂಡನ್ನಿನ ಪ್ರವಾಸದಲ್ಲಿ ತನಗೆ ಬಿದ್ದ ಕನಸುಗಳನ್ನು, ನಾಚಿಕೆಗೀಡುಮಾಡುವಂಥವನ್ನೂ ಬಿಡದೆ, ಬರೆದಿಟ್ಟು ತಾನೇ ಅರ್ಥ ಹಚ್ಚಿದನು. ಆ ಹಸ್ತಪ್ರತಿ 1859ರಲ್ಲಿ ಮಾತ್ರ ಪ್ರಕಟವಾಯಿತು. ಅಲ್ಲಿಯ ಹೊಸತನವೆಂದರೆ ಕನಸು ಕಂಡವನು ಯಾರ ಮೇಲೂ ದೂರು ಹೊರಿಸುವುದಿಲ್ಲ. ತನ್ನ ಅಹಂಕಾರ, ತನ್ನ ಆಸೆಗಳೇ ಅಲ್ಲಿ ಮುಖ ತೋರಿಸುತ್ತಿವೆಯೆಂದು ಒಪ್ಪಿಕೊಳ್ಳುತ್ತಾನೆ. 1758ರಲ್ಲಿ ಲ್ಯಾಟಿನ್ನಿನಲ್ಲಿ ಪ್ರಕಟಿಸಿದ ಸ್ವರ್ಗ ಮತ್ತು ನರಕವನ್ನು ಕುರಿತ ಗ್ರಂಥದಲ್ಲಿ ಅವನು ಮರಣಾನಂತರದ ವಿಚಾರಣೆಯನ್ನು ವರ್ಣಿಸುವ ರೀತಿ ಈ ಅನುಭವದ ಮುಂದುವರಿಕೆ. ಸತ್ತವನ ವಿರುದ್ಧ ಅಲ್ಲಿ ಸಾಕ್ಷಿಗಳಿಲ್ಲ, ಅವನ ನೆನಪನ್ನೇ ತೆರೆದು ಓದುತ್ತಾರೆ. ಲಂಚ ತಿಂದು ತೀರ್ಪು ಕೊಟ್ಟ ನ್ಯಾಯಾಧಿಕಾರಿಯೊಬ್ಬ ಪಡೆದುದೆಲ್ಲವನ್ನೂ ಮೊದಲ ದಿನದಿಂದ ಕೊನೆಯ ದಿನದವರೆಗೆ ಅವನ ನೆನಪಿನಿಂದಲೇ ಹೊರತೆಗೆಯುತ್ತಾರೆ. ದೇವದೂತರು ಬೆರಳುಗಳಿಂದ ಆರಂಭಿಸಿ ದೇಹದ ಮೇಲೆಯೇ ಕೃತ್ಯಗಳನ್ನು ಓದುತ್ತಾರೆ. ದೇವರು ಯಾರನ್ನೂ ನರಕಕ್ಕೆ ತಳ್ಳುವುದಿಲ್ಲ, ಮನುಷ್ಯನು ತನಗೆ ಪ್ರಿಯವಾದುದರ ಕಡೆಗೆ ತಾನೇ ನಡೆಯುತ್ತಾನೆ. ಬಿರ್ಗಿತ್ತಾಳ ಸಭೆಯಲ್ಲಿದ್ದ ಫಿರ್ಯಾದುದಾರ, ವಕೀಲ, ತಾಯಿ ಇವರೆಲ್ಲ ಇಲ್ಲಿಂದ ಎದ್ದುಹೋಗಿದ್ದಾರೆ, ಚಿತ್ರಗುಪ್ತನ ಪುಸ್ತಕ ಮನುಷ್ಯನ ಚರ್ಮದೊಳಗೆ ಸೇರಿಕೊಂಡಿದೆ. ಸ್ವೀಡನ್‌ಬೋರ್ಗನ ಈ ವಿಚಾರಗಳನ್ನು ಒಪ್ಪಿದ ಇಬ್ಬರು ಅಧ್ಯಾಪಕರಾದ ಬೇಯೆರ್ ಮತ್ತು ರುಸೇನ್ ಎಂಬವರ ಮೇಲೆ ಯೋತೆಬೊರ್ಗ್ ಪಟ್ಟಣದ ಧರ್ಮಮಂಡಲಿಯಲ್ಲಿ 1769ರ ಸುಮಾರಿಗೆ ಪಾಷಂಡಮತದ ಆಪಾದನೆ ಬಂದದ್ದೂ ಈ ಚರಿತ್ರೆಗೆ ಸೇರಿದ ಸಂಗತಿ.

ಆಗುಸ್ತ್ ಸ್ಟ್ರಿಂಡ್‌ಬರ್ಗ್ ನಿಜವಾದ ಕಟಕಟೆಯನ್ನು ಕಂಡ ಲೇಖಕ. ದಾಂಪತ್ಯದ ಕಥೆಗಳ ತನ್ನ ಸಂಕಲನದಲ್ಲಿ ಪವಿತ್ರ ಪ್ರಸಾದದ ವಿಧಿಯನ್ನು ಹೀಯಾಳಿಸಿದನೆಂಬ ಆಪಾದನೆಯ ಮೇಲೆ 1884ರಲ್ಲಿ ಅವನ ವಿಚಾರಣೆ ಸ್ಟಾಕ್‌ಹೋಮಿನಲ್ಲಿ ನಡೆದು, ನವೆಂಬರ್ 17ರಂದು ಜ್ಯೂರಿ ಅವನನ್ನು ನಿರ್ದೋಷಿಯೆಂದಿತು. ಹೊರಗಿನ ನ್ಯಾಯಾಲಯ ಬಿಟ್ಟರೂ ಒಳಗಿನದು ಬಿಡಲಿಲ್ಲ. ಪ್ಯಾರಿಸ್‌ನಲ್ಲಿ 1890ರ ದಶಕದ ನಡುವಿನಲ್ಲಿ ಮನಸ್ಸು ಕದಡಿಹೋದಾಗ ಅವನು ಸ್ವೀಡನ್‌ಬೋರ್ಗನನ್ನು ಓದಿ, ತನ್ನ ಯಾತನೆಗಳೆಲ್ಲ ಅದೃಶ್ಯ ವಿಚಾರಣೆಯೊಂದರ ಅಂಗಗಳೆಂದು ನಂಬಿದನು. 1899ರಲ್ಲಿ ಎರಡು ನಾಟಕಗಳನ್ನು ಒಟ್ಟಿಗೆ ಪ್ರಕಟಿಸಿದಾಗ ಆ ಸಂಪುಟಕ್ಕೆ ‘ಮೇಲಿನ ನ್ಯಾಯಾಲಯದಲ್ಲಿ’ ಎಂಬ ಅರ್ಥದ ಹೆಸರಿಟ್ಟನು. ಅವುಗಳಲ್ಲಿ ಒಂದಾದ ‘ಅದ್ವೆಂತ್’ ನಾಟಕದಲ್ಲಿ ಅನ್ಯಾಯವಾಗಿ ತೀರ್ಪು ಕೊಟ್ಟಿದ್ದ ನ್ಯಾಯಾಧೀಶನೇ ಖಾಲಿ ನ್ಯಾಯಾಲಯದಲ್ಲಿ ಒಬ್ಬನೇ ನಿಂತಿರುವಾಗ ಗಂಟೆ ತಾನಾಗಿ ಬಾರಿಸುತ್ತದೆ, ಸುತ್ತಿಗೆ ತಾನಾಗಿ ಬಡಿಯುತ್ತದೆ, ಕಾಣದವರ ಸಭೆ ಸೇರುತ್ತದೆ.

1901ರಲ್ಲಿ ಬರೆದ ‘ಕನಸಿನ ನಾಟಕ’ ಕನ್ನಡ ಓದುಗರಿಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದರ ನಾಯಿಕೆ ಇಂದ್ರನ ಮಗಳು. ಮನುಷ್ಯರ ದೂರುಗಳು ನಿಜವೇ ಎಂದು ತಿಳಿಯಲು ಭೂಮಿಗೆ ಇಳಿದ ಅವಳು ಒಬ್ಬ ವಕೀಲನನ್ನು ಮದುವೆಯಾಗುತ್ತಾಳೆ. ಜೀವನವಿಡೀ ಇತರರ ಅಪರಾಧಗಳನ್ನೂ ಜಗಳಗಳನ್ನೂ ಕೇಳಿಸಿಕೊಂಡುದರಿಂದ ಅವನ ಮುಖವೂ ಉಡುಪೂ ಅವುಗಳಿಂದಲೇ ಕೆಟ್ಟುಹೋಗಿವೆ, ಬಡವರ ಪರ ನಿಂತದ್ದಕ್ಕಾಗಿ ವಿದ್ವತ್ತಿನ ಹೂಕಿರೀಟ ಅವನಿಗೆ ಸಿಗುವುದಿಲ್ಲ. ಇನ್ನೊಂದು ದೃಶ್ಯದಲ್ಲಿ ಆಗತಾನೆ ಆ ಗೌರವ ಪಡೆದ ಅಧಿಕಾರಿಯೊಬ್ಬ ಮತ್ತೆ ಶಾಲೆಯ ಬೆಂಚಿನ ಮೇಲೆ ಮಕ್ಕಳ ನಡುವೆ ಕುಳಿತು, ಎರಡೆರಡಲೆ ಎಷ್ಟೆಂಬ ಪ್ರಶ್ನೆಗೆ ಉತ್ತರಿಸಲಾಗದೆ ಒದ್ದಾಡುತ್ತಾನೆ. ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಫ್ರಾಯ್ಡ್, ಪರೀಕ್ಷೆಯ ಕನಸುಗಳು ಹಿಂದೆಯೇ ಪಾಸಾಗಿರುವ ಪರೀಕ್ಷೆಗಳ ಕುರಿತೇ ಬೀಳುತ್ತವೆಂದೂ, ನಾಳೆಯ ಹೊಣೆಯ ಅಂಜಿಕೆಗೆ ಅವು ಒಂದು ಬಗೆಯ ಸಮಾಧಾನವೆಂದೂ ವಾದಿಸಿದ್ದನು. ಸ್ಟ್ರಿಂಡ್‌ಬರ್ಗನ ದೃಶ್ಯದಲ್ಲಿ ಆ ಸಮಾಧಾನದ ಸುಳಿವಿಲ್ಲ. ಗೆದ್ದದ್ದೆಲ್ಲ ಮತ್ತೆ ಪ್ರಶ್ನೆಗೆ ಒಳಗಾಗಬಹುದೆಂಬ ಅರಿವು ಅಲ್ಲಿದೆ, ಮನುಷ್ಯರ ಅನುಭವಕ್ಕೆ ಅದು ಹೆಚ್ಚು ಹತ್ತಿರವೆನ್ನಬೇಕು. ಪ್ರಾಗ್‌ನ ಕಾಫ್ಕಾ ಆಪಾದನೆಯೇ ತಿಳಿಯದ ಮೊಕದ್ದಮೆಯ ತನ್ನ ಕಾದಂಬರಿಯನ್ನು 1914-15ರಲ್ಲಿ ಬರೆಯುತ್ತಿದ್ದ ದಿನಗಳ ಆಸುಪಾಸಿನಲ್ಲಿ ಸ್ಟ್ರಿಂಡ್‌ಬರ್ಗನನ್ನು ಆಸೆಯಿಂದ ಓದುತ್ತಿದ್ದನೆಂಬುದು ಅವನ ದಿನಚರಿಯಿಂದ ತಿಳಿಯುತ್ತದೆ.

‘ಕನಸಿನ ನಾಟಕ’ವನ್ನು ಮುಂದೆ ಹಲವು ಬಾರಿ ರಂಗಕ್ಕೆ ತಂದವನು ಇಂಗ್ಮಾರ್ ಬರ್ಗ್‌ಮನ್. ಪಾದ್ರಿಯ ಮನೆಯಲ್ಲಿ, ತಪ್ಪು, ಒಪ್ಪಿಗೆ, ಶಿಕ್ಷೆ, ಕ್ಷಮೆ ಎಂಬ ಕ್ರಮದಲ್ಲಿ ಬೆಳೆದ ಈ ನಿರ್ದೇಶಕ 1957ರ ಡಿಸೆಂಬರಿನಲ್ಲಿ ತೆರೆಕಂಡ ‘ಸ್ಮುಲ್ತ್ರೋನ್‌ಸ್ಟೆಲ್ಲೆತ್’, ಅಂದರೆ ಕಾಡು ಸ್ಟ್ರಾಬೆರಿಯ ತಾವು, ಎಂಬ ಚಿತ್ರದಲ್ಲಿ ವಿಚಾರಣೆಯ ಕನಸಿಗೆ ಅದರ ಅತ್ಯಂತ ಸರಳವಾದ ರೂಪವನ್ನು ಕೊಟ್ಟನು. ಎಪ್ಪತ್ತು ದಾಟಿದ ವೈದ್ಯ ಇಸಾಕ್ ಬೋರ್ಗ್, ತನ್ನ ಪದವಿಗೆ ಐವತ್ತು ವರ್ಷ ತುಂಬಿದ ಗೌರವ ಸ್ವೀಕರಿಸಲು ಸ್ಟಾಕ್‌ಹೋಮಿನಿಂದ ಲುಂಡ್‌ಗೆ ಕಾರಿನಲ್ಲಿ ಹೊರಟವನು, ದಾರಿಯಲ್ಲಿ ತೂಕಡಿಸಿ ಕನಸು ಕಾಣುತ್ತಾನೆ. ಪರೀಕ್ಷಕನೊಬ್ಬ ಅವನನ್ನು ಉಪನ್ಯಾಸದ ಕೋಣೆಗೆ ಕರೆದೊಯ್ಯುತ್ತಾನೆ. ಸೂಕ್ಷ್ಮದರ್ಶಕದಲ್ಲಿ ಅವನಿಗೆ ಕಾಣುವುದು ತನ್ನದೇ ಕಣ್ಣು. ಹಲಗೆಯ ಮೇಲಿನ ಬರಹವನ್ನು ಓದಲಾಗುವುದಿಲ್ಲ, ವೈದ್ಯನ ಮೊದಲ ಕರ್ತವ್ಯವೇ ಅದರಲ್ಲಿದೆ, ಆ ಕರ್ತವ್ಯವೋ ಕ್ಷಮೆ ಕೇಳುವುದು. ಸತ್ತಿದ್ದಾಳೆಂದು ಅವನು ನಿರ್ಣಯಿಸಿದ ರೋಗಿ ನಗುತ್ತಾಳೆ. ನಿರ್ದಯತೆ, ಸ್ವಾರ್ಥ ಎಂಬ ದೂರುಗಳನ್ನು ಸಲ್ಲಿಸಿದವಳು ಎಂದೋ ತೀರಿಹೋದ ಅವನ ಹೆಂಡತಿ, ದಂಡನೆ ಒಂಟಿತನ. ಆ ಪಾತ್ರವನ್ನು ವಹಿಸಿದ ವಿಕ್ಟರ್ ಶೋಸ್ತ್ರೋಮ್, ಸ್ವೀಡನ್ನಿನ ಮೂಕಿಚಿತ್ರಗಳ ಕಾಲದ ಮಹಾನಿರ್ದೇಶಕ, ಆಗ ಎಪ್ಪತ್ತೆಂಟರ ವೃದ್ಧ. ಬರ್ಗ್‌ಮನ್ ಅದೇ ವರ್ಷ ತೆರೆಗೆ ತಂದ ‘ಏಳನೆಯ ಮುದ್ರೆ’ ಚಿತ್ರದಲ್ಲಿ ಮಾಟಗಾತಿಯೆಂದು ಸುಡಲ್ಪಡುವ ಎಳೆಯ ಹುಡುಗಿಯೊಬ್ಬಳು ಬರುತ್ತಾಳೆ, ಹೀಗಾಗಿ ಟೂರ್ಸೋಕೆರ್‌ನ ನೆನಪು ಅವನಿಂದ ದೂರವಿರಲಿಲ್ಲವೆಂದು ಊಹಿಸಬಹುದು.

ಇಸಾಕ್ ಬೋರ್ಗ್ ಕಂಡ ಕನಸಿನಿಂದ ಬೇರೆ ಯಾರ ಮೇಲೂ ಆಪಾದನೆ ಬರುವುದಿಲ್ಲ. ಎಚ್ಚೆತ್ತ ಮೇಲೆ ಅವನು ಅದನ್ನು ಪಕ್ಕದಲ್ಲಿ ಕುಳಿತ ಸೊಸೆಗೆ ಹೇಳುತ್ತಾನೆ. ಲುಂಡ್‌ನಲ್ಲಿ ಸಮಾರಂಭ ಮುಗಿದ ರಾತ್ರಿ, ದಶಕಗಳಿಂದ ತನ್ನ ಮನೆಯನ್ನು ನೋಡಿಕೊಂಡ ಆಗ್ದಾ ಎಂಬ ಹೆಂಗಸಿನಲ್ಲಿ ಬೆಳಗಿನ ತನ್ನ ಒರಟು ಮಾತಿಗಾಗಿ ಕ್ಷಮೆ ಕೇಳಿ, ಇನ್ನು ಮುಂದೆ ಪರಸ್ಪರ ನೀವು ಎನ್ನುವುದನ್ನು ಬಿಟ್ಟು ನೀನು ಎನ್ನೋಣವೇ ಎಂದು ವಿಚಾರಿಸುತ್ತಾನೆ. ಅವಳು ಅದಕ್ಕೆ ಒಪ್ಪುವುದಿಲ್ಲ, ತನ್ನ ವಯಸ್ಸಿಗೆ ಅದು ತಕ್ಕದ್ದಲ್ಲವೆನ್ನುತ್ತಾಳೆ. ರಾತ್ರಿ ಏನಾದರೂ ಬೇಕಾದರೆ ಕರೆಯಬಹುದೆಂದು ಹೇಳಿ, ತನ್ನ ಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚದೆ ಹೋಗಿ ಮಲಗುತ್ತಾಳೆ.